ಭೂಗೋಳದ ಇಂಟರ್‌ವ್ಯೂಗೆ ಬಾಯಿಪಾಠ ಸಾಲದು

ಸೈನ್ಸ್ ಓದಿದ ಮಕ್ಕಳು ಎಂಜಿನಿಯರಿಂಗ್, ಇಲ್ಲದಿದ್ರೆ ಮೆಡಿಕಲ್ ಅನ್ನುವುದು ನಮ್ಮ ಮನೆತನದಲ್ಲಿ ಯಾರೂ ಬರೆದಿಡದ ಕಾನೂನು. ನಾನೂ ಅದೇ ದಾರಿಯಲ್ಲಿ ಬಂದು ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಹಾಗಾಗಿ ಬಸವನಗುಡಿಯ ಅಕ್ಕನ ಮಗಳು "ಆಕ್ಸ್‌ಫರ್ಡ್‌ನಲ್ಲಿ ಭೂಗೋಳ ಓದ್ತೀನಿ" ಅಂದಾಗ ದೊಡ್ಡ ಚರ್ಚೆಯೇ ಆಯಿತು. "ನದಿ, ಬೆಟ್ಟ ಓದಿದ್ರೆ ಹೊಟ್ಟೆ ತುಂಬುತ್ತೇನೋ? ಸ್ಕಾಲರ್‌ಶಿಪ್ ಸಿಗದಿದ್ರೆ ಆ ಫೀಸು ನಮ್ಮ ಕೈಲಾಗೋದಲ್ಲ" ಎಂದು ಅಕ್ಕ ಅಲವತ್ತುಕೊಂಡಳು. ಆದರೂ ಅಕ್ಟೋಬರ್ 15ರ ಗಡುವಿನೊಳಗೆ ಅರ್ಜಿ ಹೋಯಿತು. ಡಿಸೆಂಬರ್‌ನ ಆನ್‌ಲೈನ್ ಸಂದರ್ಶನಕ್ಕೆ ಕರೆಯೂ ಬಂತು. ತಯಾರಿ ಮಾಡಿಸುವ ಕೆಲಸ ನನ್ನ ಪಾಲಿಗೆ ಬಿತ್ತು.

"ಮಾಮ, ನಿನಗೆ ಭೂಗೋಳವೇ ಗೊತ್ತಿಲ್ಲ, ನೀನೇನು ಕೇಳ್ತೀಯ?" ಅಂದಳು.

"ಅದಕ್ಕೇ ಕೇಳ್ತೀನಿ. ಗೊತ್ತಿಲ್ಲದವನಿಗೂ ಅರ್ಥ ಆಗೋ ಹಾಗೆ ಹೇಳು ಪುಟ್ಟಿ."

ನಮ್ಮ ಕಂಪ್ಯೂಟರ್ ಕೆಲಸದ ಇಂಟರ್‌ವ್ಯೂಗಳಲ್ಲೂ ಉತ್ತರಕ್ಕಿಂತ ಯೋಚಿಸುವ ರೀತಿಯನ್ನೇ ನೋಡುತ್ತಾರೆ. ಅಲ್ಲೂ ಅಷ್ಟೇ. ಹಿಂದೆಂದೂ ನೋಡದ ನಕ್ಷೆ, ಗ್ರಾಫ್ ಅಥವಾ ಫೋಟೋ ಮುಂದಿಟ್ಟು ಮಾತಾಡಿಸಬಹುದು. ತಲೆಯಲ್ಲಿ ಓಡುತ್ತಿರುವುದನ್ನು ಗಟ್ಟಿಯಾಗಿ ಹೇಳುತ್ತಾ ಹೋಗಬೇಕು.

ಮೊದಲ ದಿನ ಎರಡು ಅಂಕಿ ಕೊಟ್ಟೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ಚಳ್ಳಕೆರೆಯಲ್ಲಿ 500ರ ಆಸುಪಾಸು. "ಮಳೆ ನೆರಳು" ಅಂತ ಥಟ್ಟನೆ ಹೇಳಿದಳು. ಅದು ಪುಸ್ತಕದ ಉತ್ತರ. "ಹಾಗಾದ್ರೆ ಚಳ್ಳಕೆರೆಯಲ್ಲಿ ಅಷ್ಟೊಂದು ಎಣ್ಣೆ ಗಿರಣಿಗಳು ಯಾಕೆ?" ಅಂದೆ. ಎರಡು ನಿಮಿಷ ಸುಮ್ಮನಿದ್ದಳು. ಆಮೇಲೆ ನಿಧಾನವಾಗಿ, ಕಡಿಮೆ ಮಳೆಯಲ್ಲಿ ಭತ್ತ ಆಗದು, ಶೇಂಗಾ ಆದೀತು, ಶೇಂಗಾ ಇದ್ದಲ್ಲಿ ಗಿರಣಿ ಬರುತ್ತದೆ ಎಂದು ಪೋಣಿಸಿದಳು. ಬೆಟ್ಟದಿಂದ ಮಾರುಕಟ್ಟೆಯವರೆಗೆ ಹೀಗೆ ಕೊಂಡಿ ಹಾಕುವುದೇ ಈ ವಿಷಯದ ಜೀವಾಳ ಅನ್ನುವುದು ನನಗೂ ಆವತ್ತೇ ತಿಳಿದದ್ದು.

ಆಕ್ಸ್‌ಫರ್ಡ್ ತಾನೇ ಮಾದರಿ ಪ್ರಶ್ನೆಗಳನ್ನು ಪ್ರಕಟಿಸುತ್ತದೆ. ಭೂಗೋಳದ್ದೊಂದು ಹೀಗಿದೆ: ನೀವಿರುವ ಊರಿಗೆ ನಾನು ಬಂದರೆ, ಅಲ್ಲಿ ನನಗೆ ಕುತೂಹಲ ಹುಟ್ಟಿಸುವಂಥದ್ದು ಏನಿದೆ? ಇದಕ್ಕೆ ಲಾಲ್‌ಬಾಗ್, ವಿಧಾನಸೌಧ ಅಂದರೆ ಪ್ರವಾಸಿ ಗೈಡ್ ಆಗುತ್ತದೆ. ಪುಟ್ಟಿ ಹೇಳಿದ್ದು ನೀರಿನ ಕತೆ. ಬೆಂಗಳೂರು ದಿಣ್ಣೆಯ ಮೇಲಿನ ಊರು. ಬಸವನಗುಡಿಯಲ್ಲಿ ಹುಟ್ಟುವ ವೃಷಭಾವತಿ ಅರ್ಕಾವತಿಯ ಮೂಲಕ ಕಾವೇರಿ ಸೇರುತ್ತದೆ. ಇನ್ನೊಂದು ಕಡೆ ಬಿದ್ದ ಮಳೆ ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ದೊಡ್ಡ ನದಿ ಇಲ್ಲದ್ದಕ್ಕೇ ಹಿರಿಯರು ಕೆರೆ ಕಟ್ಟಿದರು. ನಾವೋ ಸುಮಾರು 100 ಕಿ.ಮೀ. ದೂರದಿಂದ ಕಾವೇರಿಯನ್ನು ಪಂಪ್ ಮಾಡಿ ಮೇಲಕ್ಕೆ ತರುತ್ತೇವೆ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಕ್ಕ, "ಇದೂ ಭೂಗೋಳನಾ? ನಮ್ಮ ನಲ್ಲಿ ನೀರಿನ ವಿಷಯ ಅಲ್ವಾ!" ಅಂದಳು. ಆಮೇಲೆ ಹೊಟ್ಟೆಪಾಡಿನ ಮಾತು ಮತ್ತೆ ಎತ್ತಲಿಲ್ಲ. ಫೀಸಿನ ಚಿಂತೆ ಮಾತ್ರ ಹಾಗೇ ಇದೆ.

ಸಂದರ್ಶನ ಮುಂದಿನ ವಾರ. ನಿಮ್ಮ ಮನೆಯಲ್ಲೂ ಇಂಥ ಮಕ್ಕಳಿದ್ದರೆ ಸಿದ್ಧ ಉತ್ತರ ಉರು ಹೊಡೆಸಬೇಡಿ. ದಿನಕ್ಕೊಂದು ನಕ್ಷೆ ಮುಂದಿಟ್ಟು "ಯಾಕೆ?" ಅಂತ ಮೂರು ಸಲ ಕೇಳಿ. ಅರ್ಜಿಯಲ್ಲಿ ಹೆಸರಿಸಿದ ಪುಸ್ತಕಗಳನ್ನು ಮತ್ತೊಮ್ಮೆ ಓದಿಸಿ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಆದ್ರೆ ಹೀಗಿರಬಹುದು" ಅನ್ನಲು ಕಲಿಸಿ. ಇಷ್ಟು ಮಾಡಲು ನಿಮಗೆ ಭೂಗೋಳ ಬರಲೇಬೇಕೆಂದಿಲ್ಲ.