ಟಾನ್ಸಿಲ್ ತೆಗೆಸಿದ ಮೇಲೆ ಮನೆಯಲ್ಲಿ ಕಳೆಯುವ ದಿನಗಳು

ಟಾನ್ಸಿಲ್ ಆಪರೇಷನ್ ಬೇಗನೆ ಮುಗಿಯುತ್ತದೆ. ಹೆಚ್ಚಿನ ಮಕ್ಕಳು ಅಂದೇ ಅಥವಾ ಮರುದಿನ ಮನೆ ಸೇರುತ್ತಾರೆ. ಕಷ್ಟವೆಲ್ಲ ಇರುವುದು ಆಮೇಲೆ. ಬೇರೆ ಗಾಯಗಳಿಗೆ ಹೊಲಿಗೆ ಹಾಕಿ ಮುಚ್ಚುವಂತೆ ಇಲ್ಲಿ ಸಾಮಾನ್ಯವಾಗಿ ಮುಚ್ಚುವುದಿಲ್ಲ. ಗಂಟಲಿನ ಎರಡೂ ಬದಿಯ ತೆರೆದ ಗಾಯದ ಮೇಲೆಯೇ ಎಂಜಲು, ನೀರು, ಅನ್ನ ಎಲ್ಲ ಇಳಿಯಬೇಕು.

ಒಂದೆರಡು ದಿನದಲ್ಲಿ ಅಲ್ಲಿ ಬಿಳಿಚಿಕೊಂಡ ಪೊರೆಯೊಂದು ಕಟ್ಟುತ್ತದೆ. ಟಾರ್ಚ್ ಬಿಟ್ಟು ನೋಡಿದ ಅಪ್ಪ ಅಮ್ಮ ಕೀವಾಯಿತೆಂದು ಗಾಬರಿಬೀಳುತ್ತಾರೆ. ಬಾಯಿ ವಾಸನೆಯೂ ಸೇರಿಕೊಂಡರೆ ಅನುಮಾನ ಇನ್ನಷ್ಟು ಗಟ್ಟಿ. ಅದು ಕೀವಲ್ಲ, ಫೈಬ್ರಿನ್ ಎಂಬ ಪ್ರೋಟೀನಿನ ಹೊದಿಕೆ. ಮಂಡಿ ತರಚಿದಾಗ ಕಟ್ಟುವ ಹಕ್ಕಳೆಯೇ, ಸದಾ ಒದ್ದೆಯಾಗಿರುವುದರಿಂದ ಬೆಳ್ಳಗೆ ಕಾಣುತ್ತದೆ ಅಷ್ಟೆ. ಮಗು ಕಿವಿ ಹಿಡಿದುಕೊಂಡು ಅತ್ತರೂ ಬಹುಪಾಲು ಕಿವಿಗೇನೂ ಆಗಿರುವುದಿಲ್ಲ. ಗಂಟಲಿನ ನೋವನ್ನೂ ನಡುಗಿವಿಯ ನೋವನ್ನೂ ಮಿದುಳಿಗೆ ಒಯ್ಯುವ ನರ ಒಂದೇ ಆದ್ದರಿಂದ ನೋವಿನ ಜಾಗ ಅದಲುಬದಲಾಗುತ್ತದೆ.

ನೋವು ಒಂದು ವಾರ, ಹತ್ತು ದಿನ ಇರುತ್ತದೆ. ನುಂಗಿದರೆ ನೋಯುತ್ತದೆಂದು ಮಗು ಕುಡಿಯುವುದಿಲ್ಲ, ಕುಡಿಯದಿದ್ದರೆ ಗಂಟಲು ಒಣಗಿ ನೋವು ಹೆಚ್ಚುತ್ತದೆ. ಈ ಸುತ್ತನ್ನು ಮುರಿಯಲು ಹೊಸ ಔಷಧವೇನೂ ಬೇಕಿಲ್ಲ, ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್ ಸಾಕೆಂದು ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ 2019ರ ಮಾರ್ಗಸೂಚಿ ಹೇಳುತ್ತದೆ. ಎಡವಟ್ಟಾಗುವುದು ಕೊಡುವ ರೀತಿಯಲ್ಲಿ. ‘ನೋವು ಅಂದ್ರೆ ಕೊಡೋಣ’ ಎಂದು ನಾವು ಕಾಯುತ್ತೇವೆ. ಸಿರಪ್ ನುಂಗಬೇಕಲ್ಲ ಎಂಬ ಭಯಕ್ಕೆ ಮಗು ನೋವೇ ಇಲ್ಲ ಎನ್ನುತ್ತದೆ. ವೈದ್ಯರು ಬರೆದದ್ದಕ್ಕಿಂತ ಕಡಿಮೆ ಸಲ ಔಷಧ ಕೊಡುವ ಪಾಲಕರು ಬಹಳ ಮಂದಿ ಎಂಬುದನ್ನು ಅಧ್ಯಯನಗಳು ಮತ್ತೆ ಮತ್ತೆ ಕಂಡಿವೆ. ಮೊದಲ ಕೆಲವು ದಿನ ಗಡಿಯಾರ ನೋಡಿ ಕೊಡುವುದೇ ಸರಿ.

ಪ್ರಮಾಣವನ್ನು ವಯಸ್ಸಿನಿಂದಲ್ಲ, ತೂಕದಿಂದ ಲೆಕ್ಕ ಹಾಕುತ್ತಾರೆ. ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಕಿಲೊಗೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ. 16 ಕಿಲೊ ಮಗುವಿಗೆ ಒಂದು ಸಲಕ್ಕೆ 240 ಮಿಲಿಗ್ರಾಂ ಆಯಿತು. ನಮ್ಮ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸಿರಪ್ ಐದು ಎಂಎಲ್‌ಗೆ 120 ಮಿಲಿಗ್ರಾಮಿನದೂ ಇದೆ, 250ರದೂ ಇದೆ. ಮೊದಲನೆಯದಾದರೆ 10 ಎಂಎಲ್, ಎರಡನೆಯದಾದರೆ ಐದಕ್ಕೂ ಚೂರು ಕಡಿಮೆ. ಬಾಟಲಿ ಬದಲಾದದ್ದನ್ನು ಗಮನಿಸದೆ ಅದೇ ಅಳತೆಯಲ್ಲಿ ಕೊಟ್ಟರೆ ಒಂದೋ ಅರ್ಧ, ಇಲ್ಲವೇ ಎರಡರಷ್ಟು. ವೈದ್ಯರು ಹೇಳಿದ್ದನ್ನು ಮಿಲಿಗ್ರಾಮಿನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.

ಇನ್ನೂ ಗಟ್ಟಿ ನೋವುಮಾತ್ರೆ ಕೊಡಬಾರದೇ ಎಂದು ಕೇಳುವವರಿದ್ದಾರೆ. ಹಿಂದೆ ಕೊಡೀನ್ ಕೊಡುತ್ತಿದ್ದರು. ಕೆನಡಾದಲ್ಲಿ ಎರಡು ವರ್ಷದ ಬಾಲಕನೊಬ್ಬ ಆಪರೇಷನ್ ಆಗಿ ಮನೆಗೆ ಹೋದ ಮೇಲೆ ಕೊಡೀನ್‌ನಿಂದ ತೀರಿಕೊಂಡದ್ದು 2009ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಪ್ರಮಾಣ ತಪ್ಪಿರಲಿಲ್ಲ. ಕೊಡೀನನ್ನು ಯಕೃತ್ತು ಮಾರ್ಫೀನಾಗಿ ಮಾರ್ಪಡಿಸುತ್ತದೆ, ಕೆಲವರ ವಂಶವಾಹಿ ಆ ಕೆಲಸವನ್ನು ವಿಪರೀತ ವೇಗದಲ್ಲಿ ಮಾಡಿಸುತ್ತದೆ. ರಾತ್ರಿ ಉಸಿರುಕಟ್ಟುವ ತೊಂದರೆಗೆಂದೇ ಟಾನ್ಸಿಲ್ ತೆಗೆಸಿಕೊಂಡ ಮಗುವಿಗೆ ಉಸಿರಾಟವನ್ನೇ ತಗ್ಗಿಸುವ ಮಾರ್ಫೀನ್! 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 12ರ ಒಳಗಿನ ಮಕ್ಕಳಿಗೆ ಕೊಡೀನ್ ಕೂಡದೆಂದಿತು. ಟಾನ್ಸಿಲ್ ಆಪರೇಷನ್ ನಂತರ 18ರ ಒಳಗಿನವರಿಗೆ ಟ್ರಮಡಾಲ್ ಕೂಡ ಬೇಡ ಎಂದಿತು.

ವೈದ್ಯರ ಕಡೆಯಿಂದ ಆಗುವ ಸಹಾಯವೂ ಇದೆ. ಅರಿವಳಿಕೆಯಲ್ಲಿರುವಾಗಲೇ ರಕ್ತನಾಳಕ್ಕೆ ಒಮ್ಮೆ ಕೊಡುವ ಡೆಕ್ಸಾಮೆಥಸೋನ್ ವಾಂತಿಯನ್ನು ತಗ್ಗಿಸುತ್ತದೆ, ಮಗು ಬೇಗ ಮೆತ್ತನೆಯ ಊಟಕ್ಕೆ ಬರುತ್ತದೆ. ಆ್ಯಂಟಿಬಯೋಟಿಕ್‌ನಿಂದ ಅಂಥ ಉಪಯೋಗ ಕಂಡಿಲ್ಲ, ಆದರೂ ಚೀಟಿಯಲ್ಲಿ ಅದು ಇಲ್ಲದಿದ್ದರೆ ನಮಗೆ ಸಮಾಧಾನವಿಲ್ಲ.

ಊಟದ ವಿಷಯದಲ್ಲಿ ಅಜ್ಜಿಯರ ತಗಾದೆ ಐಸ್‌ಕ್ರೀಮಿನದು. ಥಂಡಿಯಾಗುತ್ತದೆಂಬ ಹೆದರಿಕೆ ಬೇಡ, ತಣ್ಣಗಿನದು ಗಂಟಲಿಗೆ ಹಿತ. ಎಳನೀರು, ಆರಿದ ರಾಗಿ ಅಂಬಲಿ, ಮಿದ್ದ ಮೊಸರನ್ನ, ಹಾಲಿನಲ್ಲಿ ನೆನೆಸಿದ ಇಡ್ಲಿ, ಯಾವುದಾದರೂ ಸರಿ. ಊಟ ಎರಡು ದಿನ ಕಡಿಮೆಯಾದರೆ ಪರವಾಗಿಲ್ಲ, ಕುಡಿಯುವುದು ಕಡಿಮೆಯಾಗಬಾರದು. ಔಷಧ ಕೊಟ್ಟು ಅರ್ಧ ಗಂಟೆ ಬಿಟ್ಟು ಊಟಕ್ಕೆ ಕೂರಿಸಿದರೆ ನುಂಗುವುದು ಸುಲಭ.

ಐದರಿಂದ ಹತ್ತನೆಯ ದಿನದೊಳಗೆ ಆ ಬಿಳಿ ಪೊರೆ ಕಳಚುತ್ತದೆ. ರಕ್ತಸ್ರಾವದ ಭಯ ಆಗಲೇ ಹೆಚ್ಚು, ಆ ಹೊತ್ತಿಗೆ ಮನೆಯವರೆಲ್ಲ ನಿರಾಳರಾಗಿರುತ್ತಾರೆ. ಬಾಯಿಂದ ಕೆಂಪು ರಕ್ತ ಬಂದರೆ, ಬಂದು ನಿಂತುಹೋದರೂ, ಆಸ್ಪತ್ರೆಗೆ ಹೊರಡಬೇಕು. ಚಿಕ್ಕ ಮಕ್ಕಳು ರಕ್ತವನ್ನು ಉಗುಳದೆ ನುಂಗಿಬಿಡುವುದುಂಟು. ನಿದ್ದೆಯಲ್ಲಿ ಮೇಲಿಂದ ಮೇಲೆ ಗುಟುಕರಿಸುತ್ತಿದ್ದರೆ, ಕಾಫಿ ಪುಡಿಯ ಬಣ್ಣದ ವಾಂತಿ ಮಾಡಿದರೆ, ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ.