ತಾರಸಿಯ ಮೇಲಣ ವಿದ್ಯುದಾಗಾರ

ಬೆಂಗಳೂರಿನ ತಾರಸಿಗಳ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಉಪಕರಣಗಳನ್ನು ಕಾಣದ ವಾಚಕರು ವಿರಳ. ಈಗ ಅವುಗಳ ಮಗ್ಗುಲಲ್ಲಿ ಕಡುನೀಲಿಯ ಫಲಕಗಳೂ ಬಂದು ಕುಳಿತಿವೆ. ಮೊದಲಿನವು ಹಿಡಿಯುವುದು ಶಾಖವನ್ನು, ಇವು ಬೆಳಕನ್ನು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ನಿರ್ಮಿಸಿದ ಸಿಲಿಕನ್ ಕೋಶವು ತನ್ನ ಮೇಲೆ ಬಿದ್ದ ಬೆಳಕಿನ ಶಕ್ತಿಯಲ್ಲಿ ನೂರಕ್ಕೆ ಸುಮಾರು 6 ಪಾಲನ್ನು ವಿದ್ಯುತ್ತಾಗಿ ಮಾರ್ಪಡಿಸಿತು. ಇಂದಿನ ಫಲಕಗಳಲ್ಲಿ ಈ ಪ್ರಮಾಣವು 20ನ್ನು ದಾಟಿದೆ.

ಮನೆಯಲ್ಲಿ ಇಂತಹ ಫಲಕಗಳ ಮಾತು ನಡೆದಿದ್ದರೆ ಲೆಕ್ಕವನ್ನು ವಿದ್ಯಾರ್ಥಿಗಳೇ ಹಾಕಬಹುದು. ನಿರ್ಮಲವಾದ ಮಧ್ಯಾಹ್ನದಲ್ಲಿ ಒಂದು ಚದರ ಮೀಟರಿನ ಮೇಲೆ ಬೀಳುವ ಶಕ್ತಿಯು ಸುಮಾರು 1000 ವಾಟ್. ಅದರಲ್ಲಿ ಐದನೆಯ ಒಂದು ಪಾಲು ನಮಗೆ ದಕ್ಕಿದರೆ, 1 ಕಿಲೋವಾಟಿಗೆ 5 ಚದರ ಮೀಟರ್ ಫಲಕ ಬೇಕು. ಓಡಾಡಲು, ಧೂಳು ತೊಳೆಯಲು ಎಡೆ ಬಿಟ್ಟರೆ ಸುಮಾರು 100 ಚದರಡಿ ತಾರಸಿ. ಇದರಿಂದ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್‌ಗಳಷ್ಟು ವಿದ್ಯುತ್ತನ್ನು ನಿರೀಕ್ಷಿಸಬಹುದು. ಮಳೆಗಾಲದ ಮೋಡದಲ್ಲಿ ಇದರ ಅರ್ಧವೂ ಸಿಗದ ದಿನಗಳುಂಟು. ಬಿಸಿಲು ಸುಟ್ಟಷ್ಟೂ ಲಾಭವೆಂದು ಎಣಿಸುವಂತೆಯೂ ಇಲ್ಲ. ಕಾದ ಸಿಲಿಕನ್ ಸೋಮಾರಿಯಾಗುತ್ತದೆ: ಫಲಕದ ಉಷ್ಣತೆ 60 ಡಿಗ್ರಿಗೆ ಏರಿದರೆ ಉತ್ಪತ್ತಿಯಲ್ಲಿ ಶೇಕಡ 10ಕ್ಕೂ ಹೆಚ್ಚು ನಷ್ಟ.

ಇದಕ್ಕಿಂತ ದೊಡ್ಡ ಶತ್ರು ನೆರಳು. ಕೋಶಗಳನ್ನು ಸರಪಳಿಯಂತೆ ಒಂದರ ಹಿಂದೊಂದು ಜೋಡಿಸಿರುವುದರಿಂದ, ಒಂದರ ಮೇಲೆ ನೆರಳು ಬಿದ್ದರೆ ಉಳಿದವುಗಳ ಪ್ರವಾಹಕ್ಕೂ ತಡೆಯುಂಟಾಗುತ್ತದೆ. ಈ ನೆರಳು ವಂಚಕ. ಏಪ್ರಿಲ್ ಕೊನೆಯ ನಡುಹಗಲಿನಲ್ಲಿ ಬೆಂಗಳೂರಿನ ಸೂರ್ಯನು ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ನೀರಿನ ತೊಟ್ಟಿಗೆ ನೆರಳೇ ಇಲ್ಲ. ಡಿಸೆಂಬರಿನಲ್ಲಿ ಸೂರ್ಯನು ದಕ್ಷಿಣಕ್ಕೆ ಇಳಿದಾಗ 6 ಅಡಿ ಎತ್ತರದ ಅದೇ ತೊಟ್ಟಿಯು ಮಧ್ಯಾಹ್ನದಲ್ಲಿಯೇ ಉತ್ತರಕ್ಕೆ ಸುಮಾರು ನಾಲ್ಕೂವರೆ ಅಡಿ ನೆರಳು ಚೆಲ್ಲುತ್ತದೆ. ಬೇಸಿಗೆಯಲ್ಲಿ ಜಾಗ ನೋಡಿ ಫಲಕ ಹಾಕಿಸಿದವರು ಚಳಿಗಾಲದಲ್ಲಿ ಪೇಚಾಡುವುದು ಹೀಗೆ.

2024ರಲ್ಲಿ ಆರಂಭವಾದ ಕೇಂದ್ರ ಸರಕಾರದ ಸೂರ್ಯಘರ್ ಯೋಜನೆಯು 3 ಕಿಲೋವಾಟಿಗೆ 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಿದ ಮೇಲೆ ಅನೇಕ ಗೃಹಸ್ಥರು ಇತ್ತ ಒಲಿದಿದ್ದಾರೆ. ಆದರೆ ಅವರಲ್ಲಿ ಹಲವರು ಬೆರಗಾಗುವ ಗಳಿಗೆಯೊಂದಿದೆ. ಹೊರಗೆ ಸುಡುಬಿಸಿಲು, ಬೀದಿಯ ವಿದ್ಯುತ್ತು ನಿಲ್ಲುತ್ತದೆ, ಒಡನೆಯೇ ಮನೆಯ ಪಂಖವೂ ನಿಲ್ಲುತ್ತದೆ! ಯಂತ್ರವು ಕೆಟ್ಟಿತೆ?

ಕೆಟ್ಟಿಲ್ಲ. ಫಲಕವು ಕೊಡುವುದು ಏಕಮುಖ ಪ್ರವಾಹ. ಇನ್ವರ್ಟರ್ ಅದನ್ನು ಪರ್ಯಾಯ ಪ್ರವಾಹವಾಗಿ ತಿರುಗಿಸಿ, ಬೀದಿಯ ತಂತಿಯ ಲಯಕ್ಕೆ ಹೊಂದಿಸಿ ಹರಿಸುತ್ತದೆ. ಹಗಲಿನಲ್ಲಿ ಮಿಕ್ಕದ್ದು ಆ ತಂತಿಗೇ ಹೋಗುತ್ತದೆ. ಮೀಟರು ಎರಡು ದಿಕ್ಕಿನ ಲೆಕ್ಕವನ್ನೂ ಇಡುತ್ತದೆ. ತಂತಿಯಲ್ಲಿ ಪ್ರವಾಹ ಸತ್ತಾಗಲೂ ನಮ್ಮ ತಾರಸಿಯಿಂದ ವಿದ್ಯುತ್ತು ಹರಿಯುತ್ತಲೇ ಇದ್ದರೆ, ಅದು ನಿರ್ಜೀವವೆಂದು ನಂಬಿ ಕಂಬವೇರಿದ ಲೈನ್‌ಮನ್ ಗತಿಯೇನು? ಅದಕ್ಕಾಗಿಯೇ ಇನ್ವರ್ಟರ್ ಕ್ಷಣಾರ್ಧದಲ್ಲಿ ತಾನಾಗಿ ಕೈಕಟ್ಟಿ ನಿಲ್ಲುತ್ತದೆ. ಬ್ಯಾಟರಿಯನ್ನೂ, ಅದಕ್ಕೆ ಹೊಂದುವ ಇನ್ವರ್ಟರನ್ನೂ, ಮನೆಯನ್ನು ಬೀದಿಯ ತಂತಿಯಿಂದ ಬೇರ್ಪಡಿಸುವ ಏರ್ಪಾಡನ್ನೂ ಕೂಡಿಸಿಕೊಂಡವರ ಮನೆಯಲ್ಲಿ ಮಾತ್ರ ಆಗಲೂ ದೀಪ ಉರಿಯುತ್ತದೆ. ಖರ್ಚೂ ಅದಕ್ಕೆ ತಕ್ಕಂತೆ ಏರುತ್ತದೆ.