ಅನಿಲ ಪರಮಾಣುಗಳ ಡಿಕ್ಕಿಯಿಂದ ಅಣು ಅಯಾನುಗಳ ವಿಘಟನೆ

ಅಣು ಅಯಾನಿನ ರಾಶಿಯನ್ನು ಅಳೆದ ಮಾತ್ರಕ್ಕೆ ಅದರ ರಚನೆ ತಿಳಿಯುವುದಿಲ್ಲ. ಅದಕ್ಕಾಗಿ ಅಯಾನನ್ನು ಒಡೆದು, ತುಣುಕುಗಳ ರಾಶಿಯನ್ನೂ ಅಳೆಯಬೇಕಾಗುತ್ತದೆ. ದ್ರವ್ಯರಾಶಿ ರೋಹಿತಮಾಪಕದಲ್ಲಿ ಅಯಾನುಗಳನ್ನು ವಿದ್ಯುತ್ ಕ್ಷೇತ್ರದಿಂದ ವೇಗಗೊಳಿಸಿ, ಹೀಲಿಯಂ ಅಥವಾ ಆರ್ಗಾನ್ ಅನಿಲವನ್ನು ಅತ್ಯಲ್ಪ ಒತ್ತಡದಲ್ಲಿ ತುಂಬಿದ ಕೋಶದೊಳಗೆ ಹಾಯಿಸುವುದು ಇದಕ್ಕಿರುವ ಬಹುಬಳಕೆಯ ಕ್ರಮ. 1968ರಲ್ಲಿ ಕೆ. ಆರ್. ಜೆನ್ನಿಂಗ್ಸ್ ಹಾಗೂ ಎಫ್. ಡಬ್ಲ್ಯು. ಮೆಕ್‌ಲಾಫರ್ಟಿ ಪ್ರಕಟಿಸಿದ ಅಧ್ಯಯನಗಳು ಈ ವಿಧಾನಕ್ಕೆ ನೆಲೆಯೊದಗಿಸಿದವು.

ಅಯಾನಿನ ಚಲನಶಕ್ತಿಯೆಲ್ಲವೂ ಬಂಧವನ್ನು ಮುರಿಯಲು ದೊರೆಯುವುದಿಲ್ಲ. ಡಿಕ್ಕಿಯ ಬಳಿಕವೂ ಒಟ್ಟು ಸಂವೇಗ ಉಳಿಯಲೇಬೇಕಾದ್ದರಿಂದ ಶಕ್ತಿಯ ಬಹುಪಾಲು ಆ ಚಲನೆಗೇ ಮೀಸಲಾಗುತ್ತದೆ. ಅನಿಲ ಪರಮಾಣು ನಿಶ್ಚಲವೆಂದು ಭಾವಿಸಿದರೆ, ಅದರ ರಾಶಿಯು ಎರಡರ ಒಟ್ಟು ರಾಶಿಯಲ್ಲಿ ಎಷ್ಟನೆಯ ಭಾಗವೋ ಶಕ್ತಿಯ ಅಷ್ಟು ಭಾಗ ಮಾತ್ರ ಲಭ್ಯ. 500 ಡಾಲ್ಟನ್ ರಾಶಿಯ ಅಯಾನು 27 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯೊಡನೆ 40 ಡಾಲ್ಟನ್ನಿನ ಆರ್ಗಾನ್‌ಗೆ ಬಡಿದರೆ ಹೆಚ್ಚೆಂದರೆ 2 ಎಲೆಕ್ಟ್ರಾನ್ ವೋಲ್ಟ್ ಸಿಗುತ್ತದೆ. 4 ಡಾಲ್ಟನ್ನಿನ ಹೀಲಿಯಂ ಆದರೆ ಸುಮಾರು 0.2 ಮಾತ್ರ. ಹೀಲಿಯಂ ಬಳಸುವ ಉಪಕರಣಗಳಲ್ಲಿ ಅಯಾನನ್ನು ಹಿಡಿದಿಟ್ಟು ಮತ್ತೆ ಮತ್ತೆ ಡಿಕ್ಕಿಗೆ ಒಳಪಡಿಸುವುದು ಇದಕ್ಕಾಗಿಯೇ.

ಡಿಕ್ಕಿಯೆಂದೊಡನೆ ಕಲ್ಲೇಟಿಗೆ ಚೂರಾಗುವ ಮಡಕೆ ನೆನಪಾಗುವುದು ಸಹಜ. ಆದರೆ ಇಲ್ಲಿ ನಡೆಯುವುದು ಬೇರೆ. ಮೇಲಿನ ನಿದರ್ಶನದಲ್ಲಿ ಡಿಕ್ಕಿಯು ಸೆಕೆಂಡಿನ ಸುಮಾರು ಹತ್ತು ಲಕ್ಷ ಕೋಟಿಯಲ್ಲೊಂದು ಭಾಗದಲ್ಲಿ ಮುಗಿಯುತ್ತದೆ. ಬಂಧ ಮುರಿಯಲು ಹಲವು ಮೈಕ್ರೋಸೆಕೆಂಡುಗಳೇ ಹಿಡಿಯಬಹುದು. ಆ ವೇಳೆಗೆ ಅನಿಲ ಪರಮಾಣು ದೂರ ಸಾಗಿರುತ್ತದೆ. ಅಯಾನು ಪಡೆದ ಶಕ್ತಿ ಅದರ ಕಂಪನಗಳಲ್ಲೆಲ್ಲ ಹಂಚಿಹೋಗಿರುತ್ತದೆ. ಹೀಗಾಗಿ ಏಟು ಬಿದ್ದ ಕಡೆಯಲ್ಲೇ ಬಂಧ ಮುರಿಯಬೇಕೆಂದಿಲ್ಲ. ಸಾಮಾನ್ಯವಾಗಿ ದುರ್ಬಲ ಬಂಧವೇ ಮೊದಲು ಕಡಿಯುತ್ತದೆ.

ಪ್ರೋಟೀನುಗಳ ಅಧ್ಯಯನದಲ್ಲಿ ಇದು ನಿಜವಾದ ತೊಡಕು. ಸೆರಿನ್‌ಗೆ ಫಾಸ್ಫೇಟ್ ಅಂಟಿಕೊಂಡ ಪೆಪ್ಟೈಡು ಅನೇಕ ವೇಳೆ 98 ಡಾಲ್ಟನ್ ರಾಶಿಯ ಫಾಸ್ಫಾರಿಕ್ ಆಮ್ಲವನ್ನು ಕಳೆದುಕೊಂಡು, ಸರಪಳಿಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಳ್ಳುತ್ತದೆ. ಫಾಸ್ಫೇಟ್ ಇತ್ತೆಂಬುದು ತಿಳಿಯುತ್ತದೆ; ಎಲ್ಲಿತ್ತೆಂದು ಹೇಳಬೇಕಾದ ತುಣುಕುಗಳೇ ವಿರಳವಾಗುತ್ತವೆ. ಜೀವಕೋಶದ ಸಂಕೇತಗಳನ್ನು ಅರಿಯಹೊರಟವರಿಗೆ ಬೇಕಾದುದು ಆ ಸ್ಥಾನವೇ. 1998ರಲ್ಲಿ ವರದಿಯಾದ ಎಲೆಕ್ಟ್ರಾನ್ ಸೆರೆಯ ವಿಧಾನ ಮತ್ತು 2004ರ ಎಲೆಕ್ಟ್ರಾನ್ ವರ್ಗಾವಣೆಯ ವಿಧಾನಗಳು ಸರಪಳಿಯನ್ನು ಕಡಿದರೂ ಫಾಸ್ಫೇಟನ್ನು ಬಹುತೇಕ ಉಳಿಸುತ್ತವೆ. ಆದರೆ ಅವುಗಳಿಗೆ ಒಂದಕ್ಕಿಂತ ಹೆಚ್ಚು ಧನಾವೇಶವುಳ್ಳ ಅಯಾನುಗಳು ಬೇಕು. ಒಂದೇ ಆವೇಶವುಳ್ಳದ್ದಕ್ಕೆ ಎಲೆಕ್ಟ್ರಾನ್ ಸೇರಿದರೆ ಅದು ತಟಸ್ಥವಾಗಿ ಉಪಕರಣಕ್ಕೆ ಗೋಚರಿಸದು. ಅಂಥವುಗಳನ್ನು ಒಡೆಯಲು ಅನಿಲದ ಡಿಕ್ಕಿಯೇ ಇಂದಿಗೂ ರೂಢಿಯಲ್ಲಿದೆ.